ಎಮ್ಮಿ ಚಿಗರಿ ಬಸ್ ಹತ್ತಲು ಹೊರಟರೆ ಮಕ್ಕಳು ಯಾಕೆ ನಗುತ್ತಾರೆ?

ಎಮ್ಮೆ ಕೊಡೆ ಹಿಡಿದುಕೊಂಡು ಹುಬ್ಬಳ್ಳಿಯ ದುರ್ಗದ ಬೈಲಿಗೆ ಮಿರ್ಚಿ ತಿನ್ನಲು ಹೊರಟಿತು ಅಂದರೆ ಮೂರು ವರ್ಷದ ಮಗು ಬಿದ್ದುಬಿದ್ದು ನಗುತ್ತದೆ. ಪಕ್ಕದಲ್ಲಿ ಕೂತ ಏಳು ವರ್ಷದ ಅಣ್ಣ ಮುಖ ಗಂಟಿಕ್ಕಿಕೊಂಡು 'ಮುಂದ?' ಅನ್ನುತ್ತಾನೆ. ಎರಡು ಹಕ್ಕಿಗಳು ಹಿಡಿದ ಕೋಲನ್ನು ಕಚ್ಚಿಕೊಂಡು ಹಾರುವ ಆಮೆಯ ಕಥೆಗೆ ಬನ್ನಿ. ಕೆಳಗಿನವರಿಗೆ ಉತ್ತರ ಕೊಡಬೇಕೆಂದು ಆಮೆ ಬಾಯಿ ತೆರೆಯುವ ಹೊತ್ತಿಗೆ ಅಣ್ಣ 'ಏ ಬ್ಯಾಡೋ, ಬ್ಯಾಡ!' ಎಂದು ಚೀರಿ ನಗುತ್ತಾನೆ, ಚಿಕ್ಕದು ಪಿಳಿಪಿಳಿ ನೋಡುತ್ತದೆ. ಕಥೆ ಸರಿಯಿಲ್ಲ, ಮಗುವಿಗೆ ಆಸಕ್ತಿಯಿಲ್ಲ, ಎಲ್ಲ ಮೊಬೈಲಿನ ಪ್ರಭಾವ ಎಂದು ತೀರ್ಮಾನಿಸುವ ಮುಂಚೆ ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ನೋಡಬೇಕು.

ಮಗುವಿಗೆ ಗೊತ್ತಿರುವುದು ಒಂದು, ಕಥೆಯೊಳಗೆ ನಡೆಯುವುದು ಇನ್ನೊಂದು. ಪ್ರಾಣಿ ಕಥೆಯ ನಗು ಹುಟ್ಟುವುದು ಈ ಎರಡರ ನಡುವಿನ ಅಂತರದಲ್ಲಿ. ಹಾಗಾಗಿ ಹೇಳುವವರು ಮಗುವಿಗೆ ಏನು ಗೊತ್ತು ಎಂದು ಮೊದಲು ಅಂದಾಜು ಮಾಡಬೇಕು, ಆ ಅಂತರವನ್ನು ಕಟ್ಟಬೇಕು, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ದೊಡ್ಡವರು ಹೆಚ್ಚಾಗಿ ಎಡವುವುದು ಈ ಕೊನೆಯದರಲ್ಲೇ.

ಯಾವ ವಯಸ್ಸಿಗೆ ಯಾವ ನಗು

ಮಕ್ಕಳ ನಗು ಹಂತಹಂತವಾಗಿ ಬೆಳೆಯುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ಪಾಲ್ ಮ್ಯಾಕ್‌ಘೀ 1970ರ ದಶಕದಲ್ಲಿ ವಿವರಿಸಿದರು. ವಯಸ್ಸಿನ ಗಡಿಗಳು ಮಗುವಿನಿಂದ ಮಗುವಿಗೆ ಆಚೀಚೆ ಆಗುತ್ತವೆ, ಕ್ರಮ ಮಾತ್ರ ಬಹುಮಟ್ಟಿಗೆ ಅದೇ. ಎರಡರ ಆಸುಪಾಸಿನ ಮಗುವಿಗೆ ವಸ್ತುವನ್ನು ತಪ್ಪಾಗಿ ಬಳಸುವುದೇ ಹಾಸ್ಯ: ಗೊಂಬೆ ಬೆಕ್ಕಿನ ತಲೆಗೆ ಬಟ್ಟಲು ಟೊಪ್ಪಿಗೆಯಾದರೆ ಸಾಕು. ಸ್ವಲ್ಪ ಮಾತು ಬಂದ ಮೇಲೆ ತಪ್ಪು ಹೆಸರು, ತಪ್ಪು ದನಿ. 'ಬೆಕ್ಕು ಏನಂತು? ಬೌ ಬೌ ಅಂತು.' ಮಗು 'ಅಲ್ಲಾ!' ಎಂದು ಕೂಗಿ ನಗುತ್ತದೆ. ಇಲ್ಲಿ ಗಮನಿಸಬೇಕಾದ್ದು, ಸರಿ ಉತ್ತರ ಮಗುವಿಗೆ ಗಟ್ಟಿಯಾಗಿ ಗೊತ್ತಿರಬೇಕು. ಒಂಟೆಯ ಕೂಗು ಕೇಳದ ಮಗುವಿಗೆ 'ಒಂಟೆ ಮ್ಯಾಂ ಅಂತು' ಎಂದರೆ ಅದು ಬರೀ ಒಂದು ಸುದ್ದಿ, ನಂಬಿ ಸುಮ್ಮನಾಗುತ್ತದೆ. ಅದಕ್ಕೇ ಸಿಂಹ, ಜಿರಾಫೆಗಿಂತ ಓಣಿಯ ನಾಯಿ, ಎಮ್ಮಿ, ಹುಂಜ, ಆಡು, ಕಾಗಿ ನಮ್ಮ ಕಡೆಯ ಚಿಕ್ಕ ಮಕ್ಕಳಿಗೆ ಒಳ್ಳೆಯ ಪಾತ್ರಗಳು.

ಮೂರು ದಾಟಿದ ಮೇಲೆ ಪ್ರಾಣಿ ಮಾಡಬಾರದ್ದನ್ನು ಮಾಡುವುದು ನಗು ತರಿಸುತ್ತದೆ: ಕೊಡೆ ಹಿಡಿದ ಎಮ್ಮೆ, ಕನ್ನಡಕ ಹಾಕಿದ ಟಗರು, ಹಲ್ಲುಜ್ಜಲು ಒಲ್ಲೆ ಎನ್ನುವ ಹುಲಿ. ದೊಡ್ಡ ತಿರುವು ಬರುವುದು ನಾಲ್ಕು-ಐದರ ನಡುವೆ. ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದೇ ಇರಬಹುದು ಎಂಬ ತಿಳಿವು ಆಗ ನೆಲೆಗೊಳ್ಳುತ್ತದೆ. 1983ರಲ್ಲಿ ಹೈನ್ಸ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ ಇದನ್ನು ಒಂದು ಚಾಕಲೇಟಿನ ಕಥೆಯಿಂದ ಪರೀಕ್ಷಿಸಿದ್ದರು. ಅದನ್ನೇ ಮನೆಯಲ್ಲಿ ಪೇಡೆ ಇಟ್ಟುಕೊಂಡು ಮಾಡಬಹುದು. ಇಲಿ ಪೇಡೆಯನ್ನು ಡಬ್ಬಿಯಲ್ಲಿಟ್ಟು ಆಡಲು ಹೋಯಿತು. ಅದು ಇಲ್ಲದಾಗ ಬೆಕ್ಕು ಬಂದು ಪೇಡೆಯನ್ನು ಬುಟ್ಟಿಗೆ ಹಾಕಿತು. ಇಲಿ ವಾಪಸು ಬಂದು ಎಲ್ಲಿ ಹುಡುಕುತ್ತದೆ? 'ಬುಟ್ಟಿಯಾಗ' ಎಂದರೆ ಆ ಮಗುವಿಗೆ ಮೋಸದ ಕಥೆ, ಗುಟ್ಟಿನ ಕಥೆ ಇನ್ನೂ ಸ್ವಲ್ಪ ಬೇಗ. 'ಡಬ್ಬಿಯಾಗ' ಎಂದು ಹೇಳಿ ಕಿಸಕ್ಕನೆ ನಕ್ಕರೆ ನರಿ, ಮೊಸಳೆ, ಬಾಯಿಬಡುಕ ಆಮೆ ಎಲ್ಲವೂ ಈಗ ಅದರ ಪಾಲಿಗೆ ತೆರೆದವು.

ಆರೇಳರ ನಂತರ ಮಾತಿನ ಆಟ ಸೇರುತ್ತದೆ. ಅಜ್ಜಿ 'ಹುಲಿ-ಗಿಲಿ ಬಂದೀತು, ಬಾಗಲಾ ಹಾಕ' ಅಂದಳು. ಮೊಮ್ಮಗ ಕೇಳಿದ: 'ಹುಲಿ ಚಿತ್ರದಾಗ ನೋಡೇನಿ, ಗಿಲಿ ಹೆಂಗಿರತೈತಿ?' ಆಮೇಲೆ ಕಥೆಯೆಲ್ಲ ಆ ಗಿಲಿಯದೇ. ಈ ಹಂತಕ್ಕೆ ಬಂದ ಮಕ್ಕಳು ದೊಡ್ಡದನ್ನು ಚಿಕ್ಕದು ಸೋಲಿಸುವ ಅಸಂಬದ್ಧವನ್ನೂ ಸವಿಯುತ್ತಾರೆ. ಶಿಗ್ಗಾಂವಿ ಸೀಮೆಯ ಶಿಶುನಾಳ ಶರೀಫರ ಪದದಲ್ಲಿ ಕೋಳಿ ಕೋಡಗವನ್ನೂ ಆಡು ಆನೆಯನ್ನೂ ನುಂಗುತ್ತವೆ. ಅದರೊಳಗಿನ ತತ್ವ ದೊಡ್ಡವರಿಗಿರಲಿ, ಕೋಳಿಯ ಹೊಟ್ಟೆಯಲ್ಲಿ ಮಂಗ್ಯಾ ಹೇಗೆ ಕೂತಿರಬಹುದು ಎಂಬ ಪ್ರಶ್ನೆಯೊಂದೇ ಮಕ್ಕಳಿಗೆ ಒಂದು ಸಂಜೆಗೆ ಸಾಲುತ್ತದೆ.

ಕಥೆ ಕಟ್ಟುವ ಬಗೆ

ನಗಿಸುವ ಪ್ರಾಣಿ ಕಥೆಗೆ ಬೇಕಾದ ಸಾಮಾನು ಬಹಳ ಕಡಿಮೆ. ಪ್ರಾಣಿಯ ಒಂದು ನಿಜವಾದ ಗುಣ, ಅದಕ್ಕೆ ಅಂಟಿಸಿದ ಮನುಷ್ಯರ ಒಂದು ಆಸೆ, ಮಗುವಿಗೆ ಕೂಡಲೇ ಗೊತ್ತಾಗುವಂಥ ಒಂದು ತಪ್ಪು ತರ್ಕ. ಇದರಲ್ಲಿ ನಿಜವಾದ ಗುಣವನ್ನೇ ಜನ ಬಿಟ್ಟುಬಿಡುತ್ತಾರೆ. ಆಗ ಎಮ್ಮೆಯ ಜಾಗದಲ್ಲಿ ಕುರಿ ಹಾಕಿದರೂ ನಡೆಯುವ ಸಪ್ಪೆ ಕಥೆ ಆಗುತ್ತದೆ.

ಒಂದು ಉದಾಹರಣೆ ಕಟ್ಟೋಣ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿ.ಆರ್.ಟಿ.ಎಸ್. (ಪ್ರತ್ಯೇಕ ಪಥದ ತ್ವರಿತ ಸಾರಿಗೆ) ಬಸ್ಸುಗಳಿಗೆ 'ಚಿಗರಿ', ಅಂದರೆ ಕೃಷ್ಣಮೃಗ, ಎಂದೇ ಹೆಸರು, ಇಲ್ಲಿನ ಮಕ್ಕಳೆಲ್ಲ ಬಲ್ಲರು. ನಮ್ಮ ಎಮ್ಮವ್ವ ಸ್ಟ್ಯಾಂಡಿನ ಎದುರು ನಿಂತಿದ್ದಾಳೆ. ಬಸ್ಸಿನ ಮೇಲಿನ ಹೆಸರನ್ನು ಕಾಗಪ್ಪ ಓದಿ ಹೇಳುತ್ತಾನೆ. ಎಮ್ಮವ್ವನ ತರ್ಕ: 'ಅಯ್ಯ, ಹಂಗಾದ್ರ ಇದು ಚಿಗರಿಗೋಳ ಬಸ್ಸು! ನನ್ನ ಯಾರು ಹತ್ತಿಸಿಕೊಳ್ತಾರ? ನಾನೂ ಚಿಗರಿ ಆಗಬೇಕು.'

ಇನ್ನು ಮೂರು ಸುತ್ತು. ಗಂಡು ಚಿಗರಿಗೆ ಸುರುಳಿ ಕೊಂಬು ಇರುತ್ತವೆ, ಎಮ್ಮವ್ವ ಕೊಂಬಿಗೆ ಚಕ್ಕುಲಿ ಪೋಣಿಸಿಕೊಂಡು 'ಈಗ ಆದ್ನಿ ನೋಡ ಚಿಗರಿ!' ಅನ್ನುತ್ತಾಳೆ. ಕಾಗಪ್ಪ ಹಿಂದೆ ಕೂತು ಕಟುಂ ಕುಟುಂ ತಿಂದು ಮುಗಿಸುತ್ತಾನೆ. ಚಿಗರಿ ಚಂಗನೆ ನೆಗೆಯುತ್ತದೆ, ಎಮ್ಮವ್ವ ಒಂದು, ಎರಡು, ಮೂರು ಎಣಿಸಿ ನೆಗೆಯುತ್ತಾಳೆ. ದಬಕ್! ಕೆಸರಿಗೆ. ಕೆಸರು ಎಷ್ಟು ತಂಪಾಗಿತ್ತು ಎಂದರೆ ಬಸ್ಸಿನ ನೆನಪೇ ಹಾರಿ ಸಂಜೆತನಕ ಅಲ್ಲೇ ಮಲಗಿಬಿಡುತ್ತಾಳೆ. ಚಿಗರಿಯ ಹೊಟ್ಟೆ ಬೆಳ್ಳಗೆ, ಎಮ್ಮವ್ವ ಹೊಟ್ಟೆಗೆ ಸುಣ್ಣ ಬಳಿದುಕೊಳ್ಳುತ್ತಾಳೆ, ಮಳೆ ಬರುತ್ತದೆ. ಕೊನೆಗೆ ಬಸ್ ಬಂದು ನಿಲ್ಲುತ್ತದೆ, ಬಾಗಿಲು ಸುಂಯ್ ಎಂದು ತೆರೆಯುತ್ತದೆ. ಒಳಗೆ ಕಾಲೇಜು ಹುಡುಗರು, ಒಬ್ಬ ಟೀಚರು, ಮೆಂತ್ಯ ಸೊಪ್ಪಿನ ಚೀಲ ಹಿಡಿದ ಅಜ್ಜ. ಎಮ್ಮವ್ವ ಇಣುಕಿ ನೋಡಿ: 'ಅಯ್ಯ ಶಿವನ, ಒಳಗ ಒಂದೂ ಚಿಗರಿ ಇಲ್ಲಲ್ಲೋ!'

ಬಸ್ಸಿನೊಳಗೆ ಚಿಗರಿ ಇರುವುದಿಲ್ಲ ಎಂದು ಮಗುವಿಗೆ ಮೊದಲ ಸಾಲಿನಿಂದಲೇ ಗೊತ್ತು, ಎಮ್ಮವ್ವನಿಗೆ ಕೊನೆಯ ಸಾಲಿನವರೆಗೂ ಗೊತ್ತಿಲ್ಲ. ಕಥೆಯನ್ನು ಎಳೆಯುತ್ತಿರುವುದು ಅದೇ. ಕೆಸರಿನ ಸುತ್ತಿಗೆ ಮಕ್ಕಳು ಹೆಚ್ಚು ನಗುವುದಕ್ಕೆ ಕಾರಣ ಅದು ನಿಜ: ಎಮ್ಮೆಗೆ ಬೆವರಿನ ಗ್ರಂಥಿಗಳು ಆಕಳಿಗಿಂತ ಬಹಳ ಕಡಿಮೆ, ಕಪ್ಪು ಚರ್ಮ ಬಿಸಿಲನ್ನು ಹೀರುತ್ತದೆ, ನೀರು-ಕೆಸರು ಕಂಡರೆ ಕೂರದೆ ಇರಲಾರದು. ಕೆರೆಯಿಂದ ಎಮ್ಮೆ ಎಬ್ಬಿಸುವ ಪಾಡು ನೋಡಿದ ಮಗುವಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ನೋಡದ ಮಗುವಿಗೆ ಕಥೆಗೆ ಮುಂಚೆ ಒಂದು ಸಾಲು ಹೇಳಿ, ನಡುವೆ ಬೇಡ.

ನಿಜವಾದ ಗುಣಗಳನ್ನು ಕೂಡಿಹಾಕಲು ನಮ್ಮಲ್ಲಿ ಜಾಗಗಳಿಗೆ ಬರವಿಲ್ಲ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೃಷ್ಣಮೃಗಗಳು, ಬಂಕಾಪುರದ ಕೋಟೆಯಲ್ಲಿ ನವಿಲುಗಳು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು. ಅಷ್ಟು ದೂರ ಹಾರಿಬಂದು ಪಕ್ಕದ ಹೊಲದಲ್ಲಿ ಶೇಂಗಾ ಕದಿಯುವ ಬಾತು ಎಂಬುದೇ ಅರ್ಧ ಕಥೆ.

ಹೇಳುವ ಕಸುಬು

ಉದ್ದ ಮುಖ್ಯ. ಮೂರು ವರ್ಷದವರಿಗೆ ಮೂರು-ನಾಲ್ಕು ನಿಮಿಷ, ಎರಡು ಪ್ರಾಣಿ. ಐದಾರರ ಮಕ್ಕಳಿಗೆ ಏಳೆಂಟು ನಿಮಿಷ, ಮೂರು ಪ್ರಾಣಿ. ಇದಕ್ಕಿಂತ ಹೆಚ್ಚಾದರೆ ಯಾರು ಯಾರಿಗೆ ಏನು ಹೇಳಿದರು ಎಂಬ ಲೆಕ್ಕದಲ್ಲೇ ಮಗು ಸುಸ್ತಾಗಿ ನಗು ತಪ್ಪಿಹೋಗುತ್ತದೆ.

ದನಿಗಳು ಎರಡು ಸಾಕು: ನಿಮ್ಮ ಮಾಮೂಲಿ ದನಿ, ಮುಖ್ಯ ಪ್ರಾಣಿಯ ದನಿ. ಎಮ್ಮವ್ವನಿಗೆ ದಪ್ಪ ಗಂಟಲಿಗಿಂತ ನಿಧಾನ ಒಪ್ಪುತ್ತದೆ, ಗಂಟಲೂ ಉಳಿಯುತ್ತದೆ. ಐದು ಪ್ರಾಣಿಗೆ ಐದು ದನಿ ತೆಗೆಯಲು ಹೋದವರು ಮೂರನೆಯ ಪುಟದ ಹೊತ್ತಿಗೆ ಅದಲುಬದಲು ಮಾಡಿಕೊಳ್ಳುತ್ತಾರೆ, ಮಕ್ಕಳು ಕಥೆ ಬಿಟ್ಟು ತಪ್ಪು ಹಿಡಿಯಲು ಶುರುಮಾಡುತ್ತಾರೆ. ಪ್ರತಿ ಸುತ್ತಿನಲ್ಲೂ ಬರುವ ಪಲ್ಲವಿಯನ್ನು ಒಂದಕ್ಷರ ಬದಲಿಸದೆ ಹೇಳಿ. 'ಈಗ ಆದ್ನಿ ನೋಡ ಚಿಗರಿ' ಎಂಬುದು ಎರಡನೆಯ ಸಲ 'ಈಗ ನಾನು ಚಿಗರಿ ಆದೆ' ಎಂದಾದರೆ ಮಗು ಜೊತೆಗೂಡಲಾರದು. ಮೂರನೆಯ ಸಲ ನೀವು 'ಈಗ ಆದ್ನಿ...' ಎಂದು ನಿಲ್ಲಿಸಿ, ಉಳಿದದ್ದು ಮಗುವಿನ ಬಾಯಿಂದ ಬರಲಿ.

ಬಿಡುವಿನ ಜಾಗ ಇನ್ನೂ ಸೂಕ್ಷ್ಮ. ದಬಕ್ ಎಂಬುದಕ್ಕೆ ಮುಂಚೆ ಎರಡು ಸೆಕೆಂಡು ಸುಮ್ಮನಿರಬೇಕು. ಅಷ್ಟರಲ್ಲಿ ಮಗು ಬೀಳುವುದನ್ನು ಊಹಿಸುತ್ತದೆ, ಬಿದ್ದ ಕೂಡಲೇ ಊಹೆ ನಿಜವಾದ ಖುಷಿಯೂ ಸೇರಿ ನಗು ದೊಡ್ಡದಾಗುತ್ತದೆ. ಬಿಡುವು ಕೊಡದೆ ಓಡಿದರೆ ಊಹಿಸಲು ಸಮಯವಿಲ್ಲ. ನಾಲ್ಕೈದು ಸೆಕೆಂಡು ಎಳೆದರೆ ಗಮನ ಫ್ಯಾನಿನ ಕಡೆ ಹೋಗುತ್ತದೆ. ನೀವೇ ಮೊದಲು ನಕ್ಕರೆ ಇನ್ನೂ ಕೆಟ್ಟದು, ಮಗು ಕಥೆ ಬಿಟ್ಟು ನಿಮ್ಮ ಮುಖ ನೋಡಿ ನಗುತ್ತದೆ. ಹಳ್ಳಿಯಲ್ಲಿ ಕಥೆ ಹೇಳುವ ಹಿರಿಯರು ಮುಖ ಗಂಭೀರವಾಗಿಟ್ಟುಕೊಂಡು, ಕೇಳುವವರಲ್ಲಿ ಒಬ್ಬರನ್ನು 'ಹ್ಞೂಂ' ಅನ್ನಲು ನೇಮಿಸಿಯೇ ಶುರುಮಾಡುತ್ತಿದ್ದರು. ಹೂಂಗುಟ್ಟುವ ಕೆಲಸವನ್ನು ಮನೆಯ ತುಂಟ ಮಗುವಿಗೇ ಕೊಡಿ. ಹ್ಞೂಂ ನಿಧಾನವಾದರೆ ಕಥೆ ಉದ್ದವಾಯಿತು ಎಂಬ ಸೂಚನೆಯೂ ಅದರಲ್ಲೇ ಸಿಗುತ್ತದೆ.

ಗುಬ್ಬಿ-ಕಾಗಿ ಕಥೆಯನ್ನು ನೋಡಿದರೆ ಇವೆಲ್ಲ ಒಂದೇ ಕಡೆ ಸಿಗುತ್ತವೆ. ಸಗಣಿಯ ಮನೆ ಮಳೆಗೆ ಕರಗಿ ಹೋದ ಕಾಗಿ ಗುಬ್ಬಿಯ ಬಾಗಿಲು ಬಡಿಯುತ್ತದೆ. 'ಗುಬ್ಬವ್ವ ಗುಬ್ಬವ್ವ, ಬಾಗಲಾ ತಗಿ.' 'ತಡಿ, ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ.' ಮತ್ತೆ ಬಡಿತ. 'ತಡಿ, ನೀರ ಹಾಕಾಕತ್ತೀನಿ.' ಹೊರಗೆ ಮಳೆ ಜೋರಾಗುತ್ತಿದೆ, ಒಳಗೆ ಗುಬ್ಬಿಯ ಕೆಲಸ ಮುಗಿಯುತ್ತಲೇ ಇಲ್ಲ. ಮುಂದಿನ ಕೆಲಸ ಯಾವುದೆಂದು ಮಗುವನ್ನೇ ಕೇಳಿ. ಮಕ್ಕಳು 'ಯೂನಿಫಾರ್ಮ್ ಇಸ್ತ್ರಿ ಮಾಡಾಕತ್ತೀನಿ', 'ಚಾರ್ಜಿಗಿ ಹಾಕಾಕತ್ತೀನಿ' ಎಂದೆಲ್ಲ ಸೇರಿಸುತ್ತಾರೆ. ಐದಾರು ಬಡಿತಕ್ಕೆ ನಿಲ್ಲಿಸಬೇಕು, ಇಲ್ಲವಾದರೆ ರಾತ್ರಿಯಿಡೀ ಕಾಗಿ ಹೊರಗೇ. ಕೆಲವು ಮನೆಗಳಲ್ಲಿ ಒಳಗೆ ಬಂದ ಕಾಗಿ ಗುಬ್ಬಿಯ ಕಡಲಿ ಕದ್ದು ತಿನ್ನುತ್ತದೆ, 'ಏನದು ಸಪ್ಪಳ?' ಎಂದರೆ 'ಅವ್ವ ಕೊಟ್ಟ ಅಡಕಿ' ಅನ್ನುತ್ತದೆ. ಇನ್ನು ಕೆಲವು ಮನೆಗಳಲ್ಲಿ ಕೊನೆಗೆ ಕಾಗಿಗೆ ಸುಡುತ್ತದೆ. ಆ ಕೊನೆಗೆ ಏಳರ ಮಗು ನಗಬಹುದು, ಮೂರರದು ಅಳುತ್ತದೆ. ಕಾಗಿ ಬೂದಿಯಲ್ಲಿ ಹೊರಳಾಡಿ ಬೆಳ್ಳಗಾಗಿ ಎದ್ದು, ಬೆಳಿಗ್ಗೆ ಯಾರೂ ಗುರುತು ಹಿಡಿಯದೆ ಹೋಗುವಂತೆ ಮಾಡಿದರೆ ಇಬ್ಬರೂ ನಗುತ್ತಾರೆ. ಬಾಯಿಮಾತಿನ ಕಥೆಗೆ ಇಷ್ಟು ಸ್ವಾತಂತ್ರ್ಯ ಎಂದಿನಿಂದಲೂ ಇದೆ. ಪಂಚತಂತ್ರಕ್ಕೂ ಒಂದೇ ಪಾಠವಿಲ್ಲ: ರೋಣ ತಾಲೂಕಿನ ಸವಡಿಯವನೆಂದು ಗುರುತಿಸಲಾಗುವ ಕವಿ ದುರ್ಗಸಿಂಹ 1031ರ ಸುಮಾರಿಗೆ ಕನ್ನಡಕ್ಕೆ ತಂದದ್ದು ವಿಷ್ಣುಶರ್ಮನದನ್ನಲ್ಲ, ವಸುಭಾಗನ ಪರಂಪರೆಯದನ್ನು.

ನೀತಿ ಯಾಕೆ ಬೇಡ

ಕಥೆ ಮುಗಿದ ಮೇಲೆ 'ಇದರಿಂದ ಏನು ಕಲಿತಿ?' ಎಂದು ಕೇಳುವ ಚಾಳಿ ನಮ್ಮಲ್ಲಿ ಗಟ್ಟಿಯಾಗಿದೆ. ಕೇಳಿದ ಕೂಡಲೇ ಮಗುವಿನ ಮುಖ ಪರೀಕ್ಷೆಯ ಮುಖ ಆಗುವುದನ್ನು ಯಾರೂ ನೋಡಬಹುದು. ನಷ್ಟ ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು, ಆದರೆ ಪ್ರಾಣಿಗೆ ಅಂಗಿ ತೊಡಿಸಿ ಹೇಳಿದ ನೀತಿ ಮಕ್ಕಳಿಗೆ ಸರಿಯಾಗಿ ತಾಗುವುದೂ ಇಲ್ಲ. 2017ರಲ್ಲಿ ಪ್ರಕಟವಾದ ಟೊರೊಂಟೊದ ಒಂದು ಅಧ್ಯಯನದಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಕಥೆಯನ್ನು ಕೆಲವರಿಗೆ ಮನುಷ್ಯ ಪಾತ್ರಗಳಲ್ಲಿ, ಕೆಲವರಿಗೆ ಪ್ರಾಣಿ ಪಾತ್ರಗಳಲ್ಲಿ ಓದಿದರು. ಆಮೇಲೆ ತಮ್ಮ ಸ್ಟಿಕ್ಕರುಗಳನ್ನು ಬೇರೆ ಮಗುವಿಗೆ ಹೆಚ್ಚು ಕೊಟ್ಟವರು ಮನುಷ್ಯರ ಕಥೆ ಕೇಳಿದವರು. ಪ್ರಾಣಿ ಕಥೆಯಿಂದ ಅಂಥ ಬದಲಾವಣೆ ಕಾಣಲಿಲ್ಲ. ಕರಡಿಯ ಮನೆಯ ವ್ಯವಹಾರ ತನ್ನದಲ್ಲ ಎಂದು ಮಗುವಿಗೆ ಅನಿಸಿದರೆ ತಪ್ಪೇನು? ಹಂಚಿಕೊಳ್ಳುವುದನ್ನು ಕಲಿಸಬೇಕಿದ್ದರೆ ಪಕ್ಕದ ಮನೆ ಹುಡುಗನ ಕಥೆ ಹೇಳಿ, ನಗಿಸುವ ಕೆಲಸವನ್ನು ಎಮ್ಮವ್ವನಿಗೆ ಬಿಡಿ.

ಇನ್ನೊಂದು ಎಚ್ಚರ ವಾಸ್ತವದ್ದು. ಮನುಷ್ಯರಂತೆ ಮಾತಾಡುವ ಪ್ರಾಣಿಗಳ ಪುಸ್ತಕ ಓದಿಸಿಕೊಂಡ ಚಿಕ್ಕ ಮಕ್ಕಳು ನಿಜ ಪ್ರಾಣಿಗಳಿಗೂ ಮನುಷ್ಯರ ಯೋಚನೆ ಅಂಟಿಸುತ್ತಾರೆ ಎಂದು 2014ರ ಒಂದು ಅಧ್ಯಯನ ತೋರಿಸಿತು. ಧಾರವಾಡದಲ್ಲಿ ಇದು ಪುಸ್ತಕದ ಮಾತಲ್ಲ. ಇಲ್ಲಿನ ಮುಶ್ಯಾಗಳನ್ನು (ಕಪ್ಪು ಮುಖದ ಉದ್ದ ಬಾಲದ ಲಂಗೂರ್ ಮಂಗಗಳನ್ನು) ಅಭ್ಯಾಸ ಮಾಡಲು 1960ರ ದಶಕದ ಆರಂಭದಲ್ಲಿ ಜಪಾನಿನಿಂದ ವಿಜ್ಞಾನಿಗಳು ಬಂದಿದ್ದರು, ಇವತ್ತೂ ಅವು ಮಾಳಿಗೆ ಮೇಲೆ ಕೂತಿರುತ್ತವೆ. ಕಥೆಯ ಮುಶ್ಯಾ ಬಾಳೆಹಣ್ಣಿಗೆ ಥ್ಯಾಂಕ್ಸ್ ಹೇಳುತ್ತದೆ, ಮಾಳಿಗೆಯದು ಕೈಯಿಂದ ಕಸಿದುಕೊಳ್ಳುತ್ತದೆ. ಹಲ್ಲು ಕಾಣುವಂತೆ ಬಾಯಿ ತೆರೆದರೆ ಅದು ನಗುವಲ್ಲ, ಬೆದರಿಕೆ. ಇದನ್ನು ಕಥೆಯೊಳಗೆ ತುರುಕದೆ, ಮುಶ್ಯಾ ಕಂಡಾಗ ಬೇರೆಯಾಗಿ ಹೇಳಿ: ತಿನ್ನುವುದು ಕೈಯಲ್ಲಿ ಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಬೇಡ, ಕಲ್ಲು ಬೇಡ, ಮೆಲ್ಲಗೆ ಹಿಂದೆ ಸರಿ. ಬೀದಿನಾಯಿಗೂ ಹೆಚ್ಚುಕಡಿಮೆ ಇದೇ.

ಕೈಕೊಡುವ ಜಾಗಗಳು

ಮಗು ನಗಲಿಲ್ಲ ಎಂದು ಹಾಸ್ಯವನ್ನು ಬಿಡಿಸಿ ಹೇಳಬೇಡಿ. ವಿವರಿಸಿದ ಮೇಲೆ ಮಗು ನಕ್ಕರೂ ಅದು ಮರ್ಯಾದೆಯ ನಗು. ಕಥೆ ಮುಂದುವರಿಸಿ, ಮರುದಿನ ಒಂದು ಹೆಜ್ಜೆ ಸುಲಭದ್ದನ್ನು ಹೇಳಿ. ಅದೇ ಕಥೆ ಹತ್ತನೆಯ ಸಲ ಬೇಕು ಎಂದರೆ ಬೇಸರಪಡಬೇಡಿ, ಈಗ ಮಗುವಿಗೆ ಮುಂದೇನಾಗುತ್ತದೆ ಎಂದು ಪೂರ್ತಿ ಗೊತ್ತು, ಎಮ್ಮವ್ವನಿಗೆ ಇನ್ನೂ ಗೊತ್ತಿಲ್ಲ. ಅಂತರ ಹೆಚ್ಚೇ ಆಗಿದೆ.

ಜೋರಾಗಿ ನಗಿಸುವ ಕಥೆಯನ್ನು ಮಲಗುವ ಹೊತ್ತಿಗೆ ಇಡುವುದು ಸಾಮಾನ್ಯ ತಪ್ಪು. ನಕ್ಕು ಹಾರಾಡಿದ ಮೈ ತಣಿಯಲು ಹೊತ್ತು ಬೇಕು. ಎಮ್ಮವ್ವ ಊಟಕ್ಕೆ ಮುಂಚೆ ಬರಲಿ, ಹಾಸಿಗೆಯ ಮೇಲೆ ನಿಧಾನದ ಕಥೆ ಇರಲಿ. ಊಟದ ನಡುವೆಯೂ ಬೇಡ, ಬಾಯಲ್ಲಿ ರೊಟ್ಟಿ ಇದ್ದಾಗ ದಬಕ್ ಎಂದರೆ ಗಂಟಲಿಗೆ ಸಿಕ್ಕುತ್ತದೆ.

ದಪ್ಪ, ಕಪ್ಪು, ತೊದಲು, ಕುಂಟು ಇವುಗಳ ಮೇಲೆ ಕಟ್ಟಿದ ನಗು ಬೇಗ ಸಿಗುತ್ತದೆ, ಮರುದಿನ ಶಾಲೆಯಲ್ಲಿ ಯಾವುದೋ ಮಗುವಿನ ಅಡ್ಡಹೆಸರಾಗುತ್ತದೆ. ಎಮ್ಮವ್ವನನ್ನು ನೋಡಿ ನಗುವುದು ಅವಳ ತರ್ಕಕ್ಕೆ, ಅವಳ ಮೈಗೆ ಅಲ್ಲ ಎಂಬುದನ್ನು ಹೇಳುವವರು ಬಿಗಿಯಾಗಿ ಹಿಡಿದುಕೊಳ್ಳಬೇಕು. ನಾಯಿ ಕಂಡರೆ ಹೆದರುವ ಮಗುವಿಗೆ 'ಧೈರ್ಯ ಬರಲಿ' ಎಂದು ನಾಯಿ ಕಥೆಯಿಂದ ಶುರುಮಾಡುವುದೂ ಬೇಡ. ಹೆದರಿಕೆಯಿದ್ದಲ್ಲಿ ಅದೇ ತಪ್ಪು ನಡೆ ನಗು ತರಿಸದೆ ಗಾಬರಿ ತರಿಸುತ್ತದೆ.

ಪುಸ್ತಕದಿಂದ ಓದುವಾಗ ಗ್ರಾಂಥಿಕ ಕನ್ನಡ ಅಡ್ಡ ಬರುತ್ತದೆ. 'ಎಮ್ಮೆಯು ಕೆಸರಿನಲ್ಲಿ ಬಿದ್ದಿತು' ಎಂದು ಓದಿದರೆ ಹುಬ್ಬಳ್ಳಿಯ ಮಗುವಿಗೆ ಅದು ಪಾಠ. ನಿರೂಪಣೆಯನ್ನು ಇದ್ದಂತೆ ಓದಿ, ಪ್ರಾಣಿಗಳ ಮಾತನ್ನು ಮಾತ್ರ ಮನೆಯ ಮಾತಿಗೆ ತಿರುಗಿಸಿ. ಪುಸ್ತಕದ ಕನ್ನಡ ಕಿವಿಗೆ ಬೀಳುತ್ತದೆ, ನಗುವೂ ಉಳಿಯುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಲು, ಮುದ್ರಿಸಿಕೊಳ್ಳಲು ಉಚಿತವಾಗಿ ಸಿಗುತ್ತವೆ. ಆರಿಸುವಾಗ ಮೊದಲು ಅಕ್ಷರ ಮುಚ್ಚಿ ಚಿತ್ರ ನೋಡಿ: ಪ್ರಾಣಿಗೆ ಕಾಣದ್ದು ಚಿತ್ರದಲ್ಲಿ ಮಗುವಿಗೆ ಕಾಣುವಂತಿದ್ದರೆ, ಉದಾಹರಣೆಗೆ ಹುಲಿಯ ಬೆನ್ನ ಹಿಂದೆ ಅಡಗಿದ ಇಲಿ, ಆ ಪುಸ್ತಕ ಒಳ್ಳೆಯದು. ಓದುವಾಗ ಅಂಥ ಪುಟದಲ್ಲಿ ಇಲಿಯ ಕಡೆ ನೀವು ಬೆರಳು ತೋರಿಸಬೇಡಿ. ಮಗುವೇ ತೋರಿಸುತ್ತದೆ.